ಮನೆ ಹೊತ್ತ ಮೋಟರು

"ಹೆಬ್ಬೆರಳು ತೆಗೀರಿ! ಹ್ಯಾಂಡಲ್‌ನಿಂದ ಹೆಬ್ಬೆರಳು ಈಚೆಗೆ ತೆಗೀರಿ ಅಂದೆ!"

ಎಂಜಿನ್ ಎಬ್ಬಿಸಲು ಮೋಟರಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಹಿಡಿದು ಬಗ್ಗಿದ್ದ ಮೈಲಾರಮ್ಮ ತಲೆಯೆತ್ತುವಷ್ಟರಲ್ಲಿ ಯಾರೋ ಅಪರಿಚಿತನ ಕೈ ಅವಳ ಮಣಿಕಟ್ಟನ್ನು ಹಿಡಿದಾಗಿತ್ತು. ಎಣ್ಣೆ, ಮಸಿ ಮೆತ್ತಿದ ಒರಟು ಕೈ.

ಮಡಕಶಿರಾ ಸಂತೆಯ ಅಷ್ಟೂ ಜನ ಸುತ್ತ ನಿಂತು ನೋಡುತ್ತಿದ್ದರು...

"ಕೈ ಬಿಡ್ರಿ," ಎಂದಳು. ಅವಳ ನೋಟ ಅಲುಗಲಿಲ್ಲ.

ಅವನು ತಟ್ಟನೆ ಕೈ ಬಿಟ್ಟ. ಬಿಟ್ಟವನು ಜಾಗ ಬಿಟ್ಟು ಕದಲಲಿಲ್ಲ. ಹೆಬ್ಬೆರಳನ್ನು ಹಿಡಿಕೆಗೆ ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಹ್ಯಾಂಡಲ್ ಕೈಯನ್ನೂ ಎಳೆದುಕೊಂಡು ತಿರುಗುತ್ತದೆ, ಐದೂ ಬೆರಳು ಒಂದೇ ಕಡೆ ಇದ್ದರೆ ಕೈ ಜಾರಿ ಪಾರಾಗುತ್ತದೆ ಎಂದು ಹೇಳಿದ. ನಿಮ್ಮ ತಂದೆಗೆ ಆಗಿದ್ದೂ ಅದೇ ಎಂದ.

ಎರಡು ಮಾರು ದೂರದಲ್ಲಿ ಅವಳ ಅಪ್ಪ ಯರ್ರಪ್ಪ ನೆಲದ ಮೇಲೆ ಕೂತಿದ್ದ. ಬಲಗೈ ಮೊಣಕೈಯ ಕೆಳಗೆ ಸೊಟ್ಟಗಾಗಿತ್ತು. ಇಪ್ಪತ್ತು ವರ್ಷ ಅದೇ ಹ್ಯಾಂಡಲ್ ತಿರುಗಿಸಿದ ಕೈ ಅದು. ಇವತ್ತು ಅವಸರದಲ್ಲಿ ಒಂದು ಕ್ಷಣ ಮರೆತಿದ್ದ, ಅಷ್ಟೆ.

ಮೂಳೆ ಕಟ್ಟುವ ಬೋರಯ್ಯನ ಊರು ಎರಡು ಮೈಲಿ ಆಚೆ. ಮೋಟರು ತಾನೇ ಹೊಡೆಯುತ್ತೇನೆಂದು ಹೊರಟಿದ್ದ ಮೈಲಾರಮ್ಮ ಅದುವರೆಗೆ ಒಂದು ದಿನವೂ ಆ ಸೀಟಿನಲ್ಲಿ ಕೂತವಳಲ್ಲ!

ಆ ಅಪರಿಚಿತ ಅವಳ ಒಪ್ಪಿಗೆಗೆ ಕಾಯಲಿಲ್ಲ. ಒಂದೇ ಸುತ್ತಿಗೆ ಎಂಜಿನ್ ಎಬ್ಬಿಸಿದ, ಯರ್ರಪ್ಪನನ್ನು ಎತ್ತಿ ಒಳಗೆ ಮಲಗಿಸಿದ, ಸ್ಟೇರಿಂಗ್ ಹಿಡಿದ. ಬಸ್ಸುಗಳ ಶೆಡ್ಡಿನ ಮೇಸ್ತ್ರಿ ಲಕ್ಷ್ಮೀನರಸಪ್ಪ ಎನ್ನುವುದು ಅವಳಿಗೆ ತಿಳಿದದ್ದು ಆಮೇಲೆ.

ಇದು ನಡೆದದ್ದು ಎರಡನೇ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ. ಅಂಥ ಮೋಟರು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಓಬಳಾಪುರದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹುಡುಕುತ್ತಿದ್ದ ಒಬ್ಬ ಬಿಳಿಯ ದೊರೆ, ಲಾರಿಯೊಂದರ ಮೇಲೆ ತೇಗದ ಹಲಗೆಯ ಮನೆ ಕಟ್ಟಿಸಿಕೊಂಡಿದ್ದ. ಮಡಚುವ ಎರಡು ಮಂಚ, ಸೀಮೆಎಣ್ಣೆ ಒಲೆ, ನೆಲದಡಿ ನೀರಿನ ಪೀಪಾಯಿ, ಡಾಂಬರು ಬಳಿದ ಚಾವಣಿ. ತನ್ನ ದೇಶಕ್ಕೆ ವಾಪಸು ಹೊರಟಾಗ ಅದನ್ನು ತನ್ನ ಡ್ರೈವರ್ ಯರ್ರಪ್ಪನಿಗೇ ಬಿಟ್ಟುಹೋದ.

ಕುರಿ ಕಾಯುವ ಮನೆತನದ ಯರ್ರಪ್ಪ, ರಾಯದುರ್ಗದ ಕಡೆಯ ತನ್ನವರು ನೇಯ್ದ ಕಂಬಳಿಗಳನ್ನು ಅದರಲ್ಲಿ ತುಂಬಿಕೊಂಡು ಮಡಕಶಿರಾ, ಅಗಳಿ ಎಂದು ಸಂತೆ ಸುತ್ತುತ್ತಿದ್ದ. ಹೆಂಡತಿ ತಿಪ್ಪಕ್ಕ ಕೊನೆಯುಸಿರೆಳೆದದ್ದು ಆ ಮಂಚವೊಂದರ ಮೇಲೆ. ಮೈಲಾರಮ್ಮ ದೊಡ್ಡವಳಾದದ್ದೂ ಅಲ್ಲಿಯೇ.

ಹೊಸ್ತಿಲಿಲ್ಲದ ಮನೆಯ ಹುಡುಗಿಯನ್ನು ಯಾರು ತರುತ್ತಾರೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅವಳಿಗೆ ಇಪ್ಪತ್ತಮೂರು ತುಂಬಿತ್ತು.

ಬೋರಯ್ಯ ಬಿದಿರಿನ ದಬ್ಬೆ ಇಟ್ಟು ಕೈ ಕಟ್ಟಿದ. ಒಂದೂವರೆ ತಿಂಗಳು ಅಲುಗಬಾರದು ಎಂದ. ಮೋಟರು ಆ ಊರ ಕೆರೆಯ ಬಳಿ ನಿಂತಿತು.

ಲಕ್ಷ್ಮೀನರಸಪ್ಪ ಮರುದಿನ ಬಂದ. ಅದರ ಮರುದಿನವೂ ಬಂದ.

ಮೊದಲು ಮೋಟರು ನಿಲ್ಲಿಸಿದ ಜಾಗವೇ ಸರಿಯಿಲ್ಲ ಎಂದು ತಕರಾರು ತೆಗೆದ. ಕೆರೆಯಂಗಳದ ಮರಳಿನಲ್ಲಿ ರಾತ್ರಿ ಕಳೆದರೆ ಬೆಳಗಾಗುವಷ್ಟರಲ್ಲಿ ಚಕ್ರ ಹೂತಿರುತ್ತದೆ, ಮೇಲೆಲ್ಲೋ ಮಳೆ ಸುರಿದು ನೀರು ಬಂದರೆ ಓಡಿಸಲೂ ಆಗುವುದಿಲ್ಲ. ಏರಿಯ ಮೇಲಿನ ಗಟ್ಟಿ ನೆಲಕ್ಕೆ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ. ಎಂಜಿನ್ ಮುಷ್ಕರ ಹೂಡಿದ ದಿನ ನಾಲ್ಕು ಜನ ತಳ್ಳಿದರೆ ಸಾಕು, ಉರುಳುತ್ತಾ ಗೇರಿಗೆ ಹಾಕಿದರೆ ತಾನೇ ಎದ್ದುಕೊಳ್ಳುತ್ತದೆ ಎಂದ. ಒಳಗೆ ತಟ್ಟೆಯಲ್ಲಿ ನೀರಿಟ್ಟು, ಅದು ಯಾವ ಕಡೆ ವಾಲುತ್ತದೋ ನೋಡಿ ಚಕ್ರದಡಿ ಕಲ್ಲು ಕೊಡಿಸಿದ.

ಕಂಬಳಿ ಮೂಟೆಗಳನ್ನು ಅಟ್ಟದಿಂದ ಇಳಿಸಿ ನೆಲದ ಮೇಲೆ ಒಟ್ಟಿಸಿದ. ಮೇಲೆ ಭಾರವಿದ್ದರೆ ತಿರುವಿನಲ್ಲಿ ಮೋಟರು ಮಗುಚುತ್ತದಂತೆ. ಒಲೆ ಹಚ್ಚಿದಾಗ ಕಿಟಕಿ ತೆರೆದೇ ಇರಬೇಕಂತೆ, ಮುಚ್ಚಿ ಮಲಗಿದವರು ಏಳುವುದಿಲ್ಲವಂತೆ.

'ಎಷ್ಟು ಮಾತಾಡ್ತಾನಪ್ಪ ಈತ...' ಎಂದುಕೊಂಡವಳು, ಅವನು ಬಾರದಿದ್ದ ಒಂದು ಸಂಜೆ ಏರಿಯ ದಾರಿಯನ್ನು ಮೂರು ಸಲ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನು ಅವಳಿಗೆ ಮೋಟರು ಹೊಡೆಯುವುದನ್ನು ಕಲಿಸಿದ. ಏರಿಯ ಮೇಲೆ, ಮುಸ್ಸಂಜೆಗೆ ಮುಂಚೆ, ದಿನಕ್ಕೊಂದು ಗಂಟೆ. ಅವಳು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ಹೊರಗೆ ನೋಡುತ್ತಿದ್ದ. ಅದು ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಒಂದು ದಿನ ಗೇರು ಸದ್ದಿಲ್ಲದೆ ಬಿದ್ದಾಗ ಅವನು ನಕ್ಕ. ಆ ನಗು ಅವಳ ಎದೆಯೊಳಗೆ ಎಲ್ಲೋ ಕೂತುಬಿಟ್ಟಿತು.

ಆದರೆ ಯರ್ರಪ್ಪನ ಕೈ ಸರಿಹೋಗಲಿಲ್ಲ. ದಬ್ಬೆ ಬಿಚ್ಚಿದ ದಿನ ಬೆರಳುಗಳು ಮಡಚಲಿಲ್ಲ. ಇನ್ನು ಸ್ಟೇರಿಂಗ್ ಹಿಡಿಯುವ ಮಾತು ಬೇಡ ಎಂದು ಬೋರಯ್ಯ ಮೆಲ್ಲಗೆ ಹೇಳಿದ.

ಆ ಸುದ್ದಿ ಹೇಳಲು ಮೈಲಾರಮ್ಮ ಬಸ್ ಶೆಡ್ಡಿನವರೆಗೆ ನಡೆದುಹೋದಳು. ಅವನೆದುರು ಅತ್ತರೆ ತಪ್ಪಿಲ್ಲ ಎನಿಸಿತ್ತು...

ಶೆಡ್ಡಿನ ತಗಡಿನ ಗೋಡೆಯ ಆಚೆ ಬಸ್ ಮಾಲೀಕ ಹನುಮಂತರಾಯಪ್ಪ ಮಾತಾಡುತ್ತಿದ್ದ. ಆ ಮೋಟರಿನ ಮೇಲಿರುವ ಮನೆ ಕಿತ್ತೆಸೆದು ಬೆಂಚು ಹಾಕಿದರೆ ಒಳ್ಳೆಯ ಬಸ್ಸಾಗುತ್ತದೆ, ಆದರೆ ಅಪ್ಪ ಮಗಳು ಕೊಡಬೇಕಲ್ಲ ಎನ್ನುತ್ತಿದ್ದ.

"ನಾನು ಒಪ್ಪಿಸ್ತೀನಿ ಬಿಡಿ," ಎಂದಿತು ಲಕ್ಷ್ಮೀನರಸಪ್ಪನ ದನಿ.

ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು. ದಾರಿ ಕಾಣುತ್ತಿರಲಿಲ್ಲ.

'ಇದಕ್ಕೇನಾ ದಿನಾ ಬಂದಿದ್ದು? ಅವ್ವನ ಮಂಚ ಕಿತ್ತು ಬೀದಿಗೆ ಹಾಕಾಕ?'

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಹ್ಯಾಂಡಲ್ ಇರಲಿಲ್ಲ. ಮುಂಜಾನೆಯೇ ಮೇಸ್ತ್ರಿ ಬಂದು ಮೋಟರಿನಡಿ ಮಲಗಿ ಏನೋ ನೋಡಿ, ಹ್ಯಾಂಡಲ್ ತೆಗೆದುಕೊಂಡು ಹೋದ ಎಂದು ಕೆರೆಗೆ ನೀರಿಗೆ ಬಂದ ಹೆಂಗಸರು ಹೇಳಿದರು. ಎಲ್ಲಿಗೆ ಎಂದು ಯಾರಿಗೂ ಹೇಳಿರಲಿಲ್ಲ.

ಇನ್ನು ಅನುಮಾನವೇ ಉಳಿಯಲಿಲ್ಲ. ಮೋಟರು ಹೋಗದಂತೆ ಕಟ್ಟಿಹಾಕಿದ್ದಾನೆ!

ಈಗಲೇ ಅಗಳಿಗೆ ಹೊರಡೋಣ ಎಂದಳು. ಮೇಸ್ತ್ರಿಗೆ ಒಂದು ಮಾತು ಹೇಳದೆ ಹೊರಡುವುದೇ ಎಂದು ಯರ್ರಪ್ಪ ಹಿಂಜರಿದ.

"ನಮ್ಮ ಮೋಟರ್ ಅಪ್ಪಾ," ಎಂದಳು ಅವಳು. "ಯಾರನ್ನ ಕೇಳಬೇಕು?"

ಊರಿನ ನಾಲ್ವರು ತಳ್ಳಿದರು. ಮೋಟರು ಏರಿಯಿಂದ ಕೆಳಗೆ ಉರುಳಿತು. ಅವನೇ ಕಲಿಸಿದಂತೆ ಗೇರಿಗೆ ಹಾಕಿದಳು. ಎಂಜಿನ್ ಗುಡುಗಿ ಎದ್ದಿತು. ಅವಳ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ಅಗಳಿಗೆ ಇನ್ನು ಎರಡು ಮೈಲಿ ಇರುವಾಗ ಒಂದು ಇಳಿಜಾರು ಸಿಕ್ಕಿತು. ಅರ್ಧ ಇಳಿದಿರಬೇಕು, ಕೆಳಗೆಲ್ಲೋ ಟಕ್ ಎಂದಿತು. ಸ್ಟೇರಿಂಗ್ ಚಕ್ರ ಅವಳ ಕೈಯಲ್ಲಿ ಸಡಿಲ ಬಳೆಯಂತೆ ಸುತ್ತಿತು.

ಮೋಟರು ಅವಳ ಮಾತು ಕೇಳಲಿಲ್ಲ. ಎರಡೂ ಕಾಲಿಂದ ಬ್ರೇಕು ಒತ್ತಿದಳು. ಅದು ಎಡಕ್ಕೆ ನುಗ್ಗಿತು, ಚರಂಡಿ ಹಾರಿತು, ಹಿಪ್ಪುನೇರಳೆ ತೋಟದೊಳಗೆ ಹೊಕ್ಕು ಬದುವಿಗೆ ಒರಗಿ ನಿಂತಿತು.

"ಮೈಲೂ..." ಹಿಂದಿನಿಂದ ಅಪ್ಪನ ದನಿ ಒಂದು ಸಲ ಕೇಳಿತು. ಮತ್ತೆ ಕೇಳಲಿಲ್ಲ.

ಅವನ ಹಣೆ ಬಾಗಿಲ ಚೌಕಟ್ಟಿಗೆ ಬಡಿದಿತ್ತು. ಒಂದೇ ಕೈಯವನು, ಹಿಡಿದುಕೊಳ್ಳಲು ಆಗಿರಲಿಲ್ಲ.

ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಈಶ್ವರಮ್ಮ ಎಂಬ ನಡುವಯಸ್ಸಿನ ಹೆಂಗಸು ಓಡಿಬಂದಳು. ಮುರಿದ ಗಿಡಗಳ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಆಳುಗಳನ್ನು ಕೂಗಿ ಯರ್ರಪ್ಪನನ್ನು ತನ್ನ ಮನೆಯ ಜಗಲಿಗೆ ಹೊರಿಸಿದಳು, ತಾನೇ ರಕ್ತ ಒರೆಸಿ ಬಟ್ಟೆ ಕಟ್ಟಿದಳು.

ಯರ್ರಪ್ಪ ಕಣ್ಣು ತೆರೆಯಲಿಲ್ಲ. ಉಸಿರಿತ್ತು, ಅಷ್ಟೇ. ಮೈಲಾರಮ್ಮ ಆ ಹಗಲೂ ಆ ಇರುಳೂ ಅವನ ಪಕ್ಕದಿಂದ ಏಳಲಿಲ್ಲ. ಈಶ್ವರಮ್ಮ ತಂದಿಟ್ಟ ಮುದ್ದೆ ಹಾಗೆಯೇ ತಣ್ಣಗಾಯಿತು.

'ಎಲ್ಲಾ ನನ್ನ ಸಿಟ್ಟಿನಿಂದಾನ... ಅಪ್ಪಾ, ಒಂದ್ಸಲ ಬೈಯಾಕರ ಏಳಪ್ಪಾ...'

ಮರುದಿನ ಬಿಸಿಲೇರುವ ಹೊತ್ತಿಗೆ ಲಕ್ಷ್ಮೀನರಸಪ್ಪ ಬಂದ. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ಏನೋ ಇತ್ತು. ಧೂಳಿನಲ್ಲಿ ಅವನ ಮುಖದ ಗುರುತೇ ಸಿಗುವಂತಿರಲಿಲ್ಲ. ಜಗಲಿಯ ಮೇಲೆ ಮಲಗಿದ್ದವನನ್ನು ನೋಡಿ ಗೋಣಿಯನ್ನು ಕೆಳಗಿಟ್ಟ. ಅದು ಬಿಚ್ಚಿಕೊಂಡಿತು.

ಸ್ಟೇರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಕಬ್ಬಿಣದ ಸರಳು. ಹೊಸದು.

ಅವಳು ಅದನ್ನು ನೋಡಿದಳು. ಅವನನ್ನು ನೋಡಿದಳು.

"ನಿಮಗ ಗೊತ್ತಿತ್ತು," ಎಂದಳು.

"ನಿನ್ನೆ ಬೆಳಿಗ್ಗೆ ಕಂಡ್ತು. ಕೂದಲೆಳೆಯಷ್ಟು ಬಿರುಕು. ಯಾರೂ ಮೋಟರ್ ಎಬ್ಬಿಸದೆ ಇರ್ಲಿ ಅಂತ ಹ್ಯಾಂಡಲ್ ತಗೊಂಡು ಹಿಂದೂಪುರಕ್ಕೆ ಹೋದೆ. ಕುಲುಮೇಲಿ ಸರಳು ಮಾಡ್ಸ್ಕೊಂಡು ಸಂಜೆ ಒಳಗೆ ಬರ್ತಿದ್ದೆ."

"ಹೇಳಲಿಲ್ಲ ಯಾಕ?"

"ಯಜಮಾನ್ರ ಕೈ ಹೋಯ್ತು ಅಂತ ಬೋರಯ್ಯ ಹೇಳಿದ್ರು. ಅದ್ರ ಮೇಲೆ ಇದ್ನೂ ಹೇಳಿ ನಿಮ್ಮನ್ನ ಹೆದರ್ಸೋದು ಬೇಡ ಅನ್ನಿಸ್ತು..."

"ನಾ ಹೆದರ್ತಿದ್ದೆ. ಹೆದರಿ ಅಲ್ಲೇ ಕುಂದರ್ತಿದ್ದೆ." ಅವಳ ದನಿ ಏರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಚುಚ್ಚಿತು. "ನಮ್ಮ ಜೀವ ಅದರ ಮ್ಯಾಲೆ ಓಡಾಡತೈತ್ರಿ ಮೇಸ್ತ್ರಿ. ಬಿರುಕು ಬಿಟ್ಟಿದ್ದು ನಿಮಗ ಗೊತ್ತಿರಬೇಕು, ನನಗ ಗೊತ್ತಿರಬಾರದು... ಇದ್ಯಾವ ನ್ಯಾಯ?"

ಅವಳು ಅಲ್ಲಿಗೇ ಬಿಡಲಿಲ್ಲ. ಶೆಡ್ಡಿನ ಹಿಂದೆ ನಿಂತು ಕೇಳಿದ್ದನ್ನು ಹೇಳಿದಳು. ಒಪ್ಪಿಸ್ತೀನಿ ಬಿಡಿ ಎಂದದ್ದು ನಿಜವೋ ಸುಳ್ಳೋ ಎಂದು ಕೇಳಿದಳು.

ಅವನು ಸುಳ್ಳು ಹೇಳಬಹುದಿತ್ತು.

"ನಿಜ," ಎಂದ. "ಮೋಟರ್ ಬಸ್ಸಾದ್ರೆ ಅದು ಮಡಕಶಿರಾದಲ್ಲೇ ಇರುತ್ತೆ. ನೀವೂ ಇರ್ತೀರಿ. ಅಷ್ಟೇ ನನ್ನ ತಲೇಲಿ ಓಡಿದ್ದು. ಮಾರನೇ ದಿನ ಅದ್ರ ಅಡಿ ಮಲಗಿ ಮೇಲಿನ ಹಲಗೆ ನೋಡ್ದಾಗ ಏನಂದ್ಬಿಟ್ಟೆ ಅನ್ನಿಸ್ತು. ಹನುಮಂತರಾಯಪ್ಪೋರಿಗೆ ಆಗಲ್ಲ ಅಂತ ಹೇಳಿಯೇ ಹಿಂದೂಪುರದ ಬಸ್ ಹತ್ತಿದ್ದು."

ಮೈಲಾರಮ್ಮನಿಗೆ ಅಳು ಬಂತು. ಈ ಮನುಷ್ಯನನ್ನು ದ್ವೇಷಿಸಲು ಇಡೀ ರಾತ್ರಿ ಕೂಡಿಟ್ಟ ಕಾರಣಗಳೆಲ್ಲ ಒಂದೊಂದಾಗಿ ಕೈಜಾರುತ್ತಿದ್ದವು. ಆದರೂ ಕ್ಷಮಿಸಲು ಮನಸ್ಸು ಒಪ್ಪಲಿಲ್ಲ. ಅಪ್ಪ ಎದುರಿಗೇ ಮಲಗಿದ್ದ...

"ಹೋಗ್ರಿ," ಎಂದಳು.

ಅವನು ಹೋದ. ತೋಟದವರೆಗೆ ಮಾತ್ರ. ಮೋಟರಿನಡಿ ತೂರಿ ಕೆಲಸ ಶುರುಮಾಡಿದ.

ಮಧ್ಯಾಹ್ನ ಯರ್ರಪ್ಪ ಕಣ್ಣು ಬಿಟ್ಟ. ನೀರು ಕೇಳಿದ. ಮಗಳು ಅವನ ಎದೆಯ ಮೇಲೆ ತಲೆಯಿಟ್ಟು ಬಿಕ್ಕಿದಾಗ, ಸರಿಯಿದ್ದ ಎಡಗೈಯಿಂದ ಅವಳ ಕೂದಲು ಸವರಿದ. ಮೋಟರ್ ಹೆಂಗೈತಿ ಎಂದು ಕೇಳಿದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಮೋಟರು ಎದ್ದು ನಿಲ್ಲಲು ಹನ್ನೆರಡು ದಿನ ಹಿಡಿಯಿತು. ಎರಡು ಜೊತೆ ಎತ್ತು ಕಟ್ಟಿ ರಸ್ತೆಗೆ ಎಳೆದರು. ಲಕ್ಷ್ಮೀನರಸಪ್ಪ ಹೊಸ ಸರಳು ಹಾಕಿದ, ಬಿರಿದ ಹಲಗೆಗಳ ಸಂದಿಗೆ ನಾರು ತುಂಬಿ ಡಾಂಬರು ಹೊಯ್ದ, ತಿಪ್ಪಕ್ಕನ ಮಂಚದ ಮುರಿದ ಕಾಲನ್ನು ಮತ್ತೆ ಕೂಡಿಸಿದ.

ಒಂದೊಂದು ಕೆಲಸಕ್ಕೂ ಅವಳನ್ನು ಕರೆಯುತ್ತಿದ್ದ. ಸುಮ್ಮನೆ ಕರೆದು ತೋರಿಸುತ್ತಿದ್ದ. ಈ ಟೈರು ಇನ್ನು ಒಂದು ಬೇಸಿಗೆ ತಡೆಯುತ್ತದೆ, ಹೆಚ್ಚಿಲ್ಲ. ಈ ಪೀಪಾಯಿ ಒಳಗೆ ತುಕ್ಕು ಹಿಡಿದಿದೆ, ಕುಡಿಯುವ ನೀರಿಗೆ ಬೇಡ. ಬ್ರೇಕು ಒಳ್ಳೆಯದಿದೆ ಎಂದು ಹೇಳಲಾರೆ, ಪರವಾಗಿಲ್ಲ. ಕೆಟ್ಟ ಸುದ್ದಿಗಳನ್ನೆಲ್ಲ ಅವಳ ಮುಂದೆ ಹರವಿದ.

ಅವಳು ಹೂಂ ಎನ್ನುವುದರಾಚೆ ಮಾತಾಡಲಿಲ್ಲ. ಆದರೆ ಮಧ್ಯಾಹ್ನದ ಊಟಕ್ಕೆ ಅವನ ತಟ್ಟೆಗೂ ಮುದ್ದೆ ಇಡತೊಡಗಿದಳು.

ಕೊನೆಯ ದಿನ ಅವನು ಯರ್ರಪ್ಪನ ಮುಂದೆ ಬಂದು ಕೂತ. ಶೆಡ್ಡಿನ ಕೆಲಸ ಬಿಟ್ಟಿದ್ದೇನೆ, ನಿಮ್ಮ ಜೊತೆ ಬರಲೇ ಎಂದು ಕೇಳಿದ. ಯಾವ ಅರ್ಥದಲ್ಲಿ ಕೇಳುತ್ತಿದ್ದಾನೆಂದು ಬಿಡಿಸಿ ಹೇಳಬೇಕಿರಲಿಲ್ಲ.

"ಮೋಟರ್ ಇನ್ನ ಆಕೀದು," ಎಂದ ಯರ್ರಪ್ಪ. "ಆಕೀನ ಕೇಳ್ರಿ."

ಮೋಟರು ಹೇಗಿದೆ ನೋಡಲು ಅವಳೇ ಹೊಡೆದಳು, ಅವನು ಪಕ್ಕದಲ್ಲಿ ಕೂತ. ಅದೇ ಇಳಿಜಾರು ಬಂದಾಗ ಅವಳ ಬೆರಳುಗಳು ಬೆಳ್ಳಗಾದವು. ಅವನು ಈ ಸಲ ಹೊರಗೆ ನೋಡಲಿಲ್ಲ. ಸರಳು ಗಟ್ಟಿ ಇದೆ, ನಾಲ್ಕು ಸಲ ನೋಡಿದೀನಿ ಎಂದ.

ಕೆಳಗೆ ಸಮನೆಲದಲ್ಲಿ ಅವಳು ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಬಿಸಿಲು ಇಳಿಯುತ್ತಿತ್ತು.

"ನಾ ಈ ಮೋಟರ್ ಬಿಟ್ಟು ಬ್ಯಾರೆ ಮನಿಗೆ ಬರಂಗಿಲ್ಲ."

"ಗೊತ್ತು. ಅದ್ಕೇ ನಾನು ಬರ್ತೀನಿ ಅಂದಿದ್ದು."

"ಮಂದಿ ನಗ್ತಾರ."

"ನಗ್ಲಿ."

ಅವಳು ಎದುರಿನ ರಸ್ತೆಯನ್ನೇ ನೋಡುತ್ತಾ ಕೇಳಿದಳು. "ಇನ್ನೇನರ ನನಗ ಹೇಳದ ಇಟ್ಟೀರೇನು?"

ಅವನು ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮಡಚಿದ, ಬಿಚ್ಚಿದ.

"ಒಂದೈತೆ. ಅಗಳಿ ದಾರೀಲಿ ನಿನ್ನ ಮೋಟರ್ ಬಿದ್ದೈತೆ ಅಂತ ಬಸ್ಸಿನೋರು ಅಂದ್ರಲ್ಲ... ಓಡ್ತಾ ಬಂದೆ. ಮೋಟರ್ ಏನಾಯ್ತು ಅಂತ ದಾರಿಯುದ್ದ ಒಂದ್ಸಲನೂ ನನಗೆ ನೆನಪಾಗ್ಲಿಲ್ಲ."

ಅವನು ಮೊದಲ ಸಲ ನಿನ್ನ ಎಂದಿದ್ದ. ಅದು ಅವನ ಗಮನಕ್ಕೆ ಬಂದಂತಿರಲಿಲ್ಲ.

ಮೈಲಾರಮ್ಮನ ಕಣ್ಣುಗಳು ತುಂಬಿದವು. ಸ್ಟೇರಿಂಗ್ ಮೇಲಿಂದ ಒಂದು ಕೈ ತೆಗೆದು ಅವನ ಮಸಿ ಹತ್ತಿದ ಬೆರಳುಗಳ ಮೇಲಿಟ್ಟಳು.

"ಮನಸ್ಸಿನಾಗ ಇದ್ದದ್ದನ್ನ ಮೊದ್ಲ ಹೇಳಿದ್ರ," ಎಂದಳು ಮೆಲ್ಲಗೆ, "ನಾ ಆವತ್ತ ಹೋಗ್ತಿದ್ದಿಲ್ಲ."