ಲೀನಾಳ ಚಿತ್ರ

1997ರ ಮಾರ್ಚ್ 4, ಬೆಳಿಗ್ಗೆ 10.20. ಹಾಲೆಂಡಿನ ಡೆವೆಂಟರ್ ಠಾಣೆಗೆ ಬಂದ ಎಪ್ಪತ್ತು ವರ್ಷದ ಸೆಲ್ಮಾ ಕೋಸ್ಟರ್, ಕೋಟು ಕೂಡ ಬಿಚ್ಚದೆ ಇನ್‌ಸ್ಪೆಕ್ಟರ್ ಡೈಕ್‌ಸ್ಟ್ರಾ ಎದುರು ಕುಳಿತರು.

"ಮ್ಯೂಸಿಯಮ್ಮಲ್ಲಿ ನನ್ನ ತಂಗಿ ಚಿತ್ರ ನೇತುಹಾಕಿದಾರೆ, ಸಾರ್. ನಮ್ಮಪ್ಪ ಬರೆದಿದ್ದು."

"ನಿಮ್ಮದೇ ಅಂತ ಹೇಗೆ ಹೇಳ್ತೀರಿ?"

"ನೀಲಿ ಸ್ವೆಟರಿನ ಮೊಣಕೈ ಹತ್ರ ತೇಪೆ ಇದೆ. ಹಾಕಿದೋಳು ನಾನೇ. ಅದು ನೆನಪಿತ್ತು. ಮುಖಾನೇ ಮರೆತುಹೋಗಿತ್ತು. ಅವಳದ್ದೊಂದು ಫೋಟೋನೂ ಉಳಿದಿಲ್ಲ."

ಯುದ್ಧಕಾಲದಲ್ಲಿ ನಾತ್ಸಿಗಳು ಯಹೂದಿ ಕುಟುಂಬಗಳನ್ನು ಹಿಡಿದೊಯ್ದಾಗ ಸೆಲ್ಮಾ ಒಂದು ಹಳ್ಳಿಯಲ್ಲಿ ಅಡಗಿದ್ದು ಉಳಿದರು. ತಂದೆ, ತಾಯಿ, ಎಂಟು ವರ್ಷದ ಲೀನಾ ಮರಳಲಿಲ್ಲ. ಎಫ್‌ಐಆರ್ ದಾಖಲಾಯಿತು.

11.45ಕ್ಕೆ ಕಾನ್‌ಸ್ಟೇಬಲ್ ಮಾರೈಕೆ ಮ್ಯೂಸಿಯಮ್ಮಿನಲ್ಲಿ ಪಂಚನಾಮೆ ಬರೆದು, ಚಿತ್ರವನ್ನೂ ಅದರ ಜೊತೆಗಿದ್ದ ಪತ್ರವನ್ನೂ ವಶಪಡಿಸಿಕೊಂಡಳು. 'ಪಕ್ಕದ ಮನೆಯ ಬ್ರಾಂಟ್ಸ್ ಕುಟುಂಬಕ್ಕೆ ಪ್ರೀತಿಯ ಕಾಣಿಕೆ' ಎಂದಿತ್ತು. ಕೆಳಗೆ ಸೆಲ್ಮಾ ತಂದೆಯ ಸಹಿ. ಡೆವೆಂಟರ್, 12 ಆಗಸ್ಟ್ 1943. ಚಿತ್ರವನ್ನು ದಾನ ಕೊಟ್ಟವನು ಹೆರ್ಮಾನ್ ಬ್ರಾಂಟ್ಸ್, ನಿವೃತ್ತ ಪೋಸ್ಟ್‌ಮ್ಯಾನ್.

ಮರುದಿನ ಪತ್ರಾಗಾರದಿಂದ ಹಳೆಯ ರೈಲು ಪಟ್ಟಿಯ ಪ್ರತಿ ಬಂತು. ಸೆಲ್ಮಾ ತಂದೆಯನ್ನು ಸೋಬಿಬೋರ್ ಸಾವಿನ ಶಿಬಿರದ ರೈಲು ಹತ್ತಿಸಿದ್ದು 1943ರ ಜುಲೈ 20ರಂದು.

ಸಂಜೆ ನಾಲ್ಕಕ್ಕೆ ಡೈಕ್‌ಸ್ಟ್ರಾ, ಮಾರೈಕೆ ಇಬ್ಬರೂ ಬ್ರಾಂಟ್ಸ್ ಮನೆಯಲ್ಲಿದ್ದರು.

"ಈ ಪತ್ರದ ತಾರೀಕಿಗೆ ಸೆಲ್ಮಾ ತಂದೆ ಊರಲ್ಲೇ ಇರಲಿಲ್ಲ. ಯಾರು ಬರೆದಿದ್ದು?"

ಮುದುಕ ಕಾಫಿ ಕಪ್ಪನ್ನು ಕೆಳಗಿಟ್ಟ. "ನಾನೇ."

"ಚಿತ್ರ ಹೇಗೆ ಬಂತು?"

"ಅವರನ್ನ ಕರ್ಕೊಂಡು ಹೋದ ದಿನ ಅಮ್ಮ ಅವರ ಮನೆಗೆ ನುಗ್ಗಿ ಎತ್ಕೊಂಡು ಬಂದ್ಲು. ಯುದ್ಧ ಮುಗಿದ್ಮೇಲೆ ಸೆಲ್ಮಾ ಬಾಗಿಲು ತಟ್ಟಿದ್ಲು. 'ಇಲ್ಲೇನೂ ಇಲ್ಲಮ್ಮ, ಹೋಗು' ಅಂದ್ಲು ಅಮ್ಮ. ನಾನು ಬಾಗಿಲ ಹಿಂದೇನೇ ನಿಂತಿದ್ದೆ. ಹದಿನೇಳು ವರ್ಷ ನಂಗೆ. ಬಾಯಿ ಬರಲಿಲ್ಲ."

4.35ಕ್ಕೆ, ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಬಂಧನವಾಯಿತು.

ಠಾಣೆಯ ಮೊಗಸಾಲೆಯಲ್ಲಿ ಸೆಲ್ಮಾ ಎದುರಾದರು.

"ಒಂದೇ ಒಂದ್ಸಲ ಹೇಳ್ಬಾರ್ದಿತ್ತೇನೋ, ಹೆರ್ಮಾನ್? ಐವತ್ತೆರಡು ವರ್ಷ, ಅವಳು ಹೇಗಿದ್ಲು ಅಂತ ನೆನಪು ಮಾಡ್ಕೊಳ್ಳೋಕೆ ಒದ್ದಾಡಿದೀನಿ ಕಣೋ."

ಮಾರೈಕೆ ಆತನನ್ನು ಹೇಳಿಕೆ ಪಡೆಯಲು ಒಳಗೆ ಕರೆದೊಯ್ದಳು.

ಡೈಕ್‌ಸ್ಟ್ರಾ ಕೇಸ್ ಡೈರಿಯಲ್ಲಿ ಬರೆದುಕೊಂಡರು: ಆರೋಪಿಗೆ ಕ್ಯಾನ್ಸರ್, ಹಿಂದೆಮುಂದೆ ಯಾರೂ ಇಲ್ಲ. ತಾನು ಸತ್ತ ಮೇಲೆ ಚಿತ್ರ ಕಸಕ್ಕೆ ಹೋದೀತೆಂಬ ಭಯಕ್ಕೆ ಮ್ಯೂಸಿಯಮ್ಮಿಗೆ ಕೊಟ್ಟ. ನಿಜ ಹೇಳಿದರೆ ತಾಯಿಯನ್ನು ಊರು ಕಳ್ಳಿ ಎನ್ನುತ್ತದೆ. ಅದಕ್ಕೇ ಈ ಪತ್ರ.

ಹೇಳಿಕೆ ಮುಗಿದ ಮೇಲೆ ಹೆರ್ಮಾನ್ ಮತ್ತೊಂದು ಸಾಲು ಸೇರಿಸುವಂತೆ ಕೇಳಿಕೊಂಡ. ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ ಮಾರೈಕೆ ಬರೆದುಕೊಂಡಳು: 'ಲೀನಾಗೆ ಸೈಕಲ್ ಕಲಿಸಿದ್ದು ನಾನೇ.'