ತಟ್ಟಿದ್ದು ಅವನಲ್ಲ

“ಯಾರಾದ್ರೂ ಇದ್ದೀರಾ...? ಬಾಗಿಲು ತೆಗೀರಿ... ದಯವಿಟ್ಟು ತೆಗೀರಿ!”

ಅಂಗೈ ಉರಿಯುವಷ್ಟು ಬಡಿದರೂ ಆ ದಪ್ಪ ಬಾಗಿಲು ಅವಳ ದನಿಯನ್ನೆಲ್ಲ ನುಂಗಿಹಾಕುತ್ತಿತ್ತು. ಸುತ್ತ ಕಗ್ಗತ್ತಲು. ತಲೆಯೆತ್ತರಕ್ಕೆ ಪೇರಿಸಿಟ್ಟ ಆಲೂಗಡ್ಡೆ ಮೂಟೆಗಳು. ಮೂರು ಡಿಗ್ರಿ ಚಳಿ. ಮೈಮೇಲೆ ತೆಳ್ಳನೆಯ ಹತ್ತಿಯ ಚೂಡಿದಾರ.

ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಸೇರಿ ಇನ್ನೂ ನಾಲ್ಕೇ ದಿನ. ‘ಇಲ್ಲೇ ಸತ್ತುಹೋದರೆ ಅಮ್ಮನಿಗೆ ಯಾರು ಹೇಳ್ತಾರೆ?’

ಧಡಕ್ಕನೆ ಬಾಗಿಲು ತೆರೆಯಿತು.

ಹೊರಗಿನ ಬೆಳಕಿಗೆ ಅವಳ ಕಣ್ಣು ಕೋರೈಸಿತು. ಎದುರಿಗಿದ್ದವನ ಮುಖ ಕಾಣಿಸಲಿಲ್ಲ. ಚಿಲಕ ಹಿಡಿದ ಕೈ ಮಾತ್ರ ಕಾಣಿಸಿತು. ಅದಕ್ಕೆ ಗ್ರೀಸ್ ಮೆತ್ತಿಕೊಂಡಿತ್ತು.

“ಬುದ್ಧಿ ನೆಟ್ಟಗಿದೆಯೇನ್ರೀ ನಿಮಗೆ? ಸ್ವೆಟರ್ ಇಲ್ಲ, ಯಾರಿಗೂ ಹೇಳಿಲ್ಲ! ಬಾಗಿಲು ಓರೆಯಾಗಿದೆ ಅಂತ ನಾನೇ ಚಿಲಕ ಹಾಕ್ಕೊಂಡು ಹೋಗಿದ್ದೆ. ನಿಮ್ಮ ಕುರ್ಚಿ ಖಾಲಿ ಇದೆ ಅಂತ ಆಲೂಗಡ್ಡೆ ಆರಿಸೋ ಅಕ್ಕ ಹೇಳದೇ ಇದ್ದಿದ್ರೆ...?”

ಗದರುತ್ತಿದ್ದವನ ತುಟಿಯೇ ಬಿಳಿಚಿಕೊಂಡಿತ್ತು.

“ಒಳಗೆ ಯಾಕೆ ಹೋಗಿದ್ರಿ?”

“ಹೊರಗೆ... ಸೆಕೆ...”

“ಸೆಕೆ ಅಂತ ಯಾರಾದ್ರೂ ಸಾಯೋಕೆ ಹೋಗ್ತಾರಾ?”

“ಸೆಕೆಗಲ್ಲ.” ಅವಳ ಕಣ್ಣು ತುಂಬಿ ಬಂತು. “ಭಯಕ್ಕೆ.”

ಅವನು ಎಲ್ಲಿಂದಲೋ ಒಂದು ಲೋಟ ಬಿಸಿ ಚಹಾ ತಂದು ಅವಳ ಮುಂದಿಟ್ಟು, “ಊದಿಕೊಂಡು ಕುಡೀರಿ” ಎಂದವನು ತಿರುಗಿ ನೋಡದೆ ಹೋದ.

ಅವನು ಅಲ್ಲಿನ ಮೆಕ್ಯಾನಿಕ್. ಅವಳು ಗಂಟೆಗೊಮ್ಮೆ ಒಂದೊಂದು ಕೋಣೆಯ ಉಷ್ಣಾಂಶ ನೋಡಿ ರಿಜಿಸ್ಟರಿನಲ್ಲಿ ಬರೆಯುವವಳು.

ಆ ಭಯ ಇಂದು ನಿನ್ನೆಯದಲ್ಲ.

ಆಗ ಅವಳಿಗೆ ಹನ್ನೊಂದು ವರ್ಷ. ಬಸ್ ಓಡಿಸುತ್ತಿದ್ದ ಅಪ್ಪ ಒಂದು ಉರಿಬಿಸಿಲಿನ ಮಧ್ಯಾಹ್ನ ಮನೆಗೆ ಬಂದು ಗೋಡೆಗೆ ಒರಗಿ ಕೂತಿದ್ದರು. ಮುಖ ಕೆಂಪಗೆ ಕಾದಿತ್ತು. “ಬೆವರು ನಿಂತೇಹೋಯ್ತು ನೋಡು ಪುಟ್ಟಿ... ಈಗ ಹಾಯಾಗಿದೆ,” ಎಂದು ನಕ್ಕರು. ಹಾಯಾಗಿದೆ ಅಂದರಲ್ಲ! ಅವಳು ನಂಬಿ ಪಕ್ಕದ ಮನೆಗೆ ಆಡಲು ಹೋದಳು. ವಾಪಸು ಬಂದಾಗ ಅಪ್ಪ ಅದೇ ಗೋಡೆಗೆ ಒರಗಿದ್ದರು... ಕರೆದರೆ ಓಗೊಡಲಿಲ್ಲ.

ಅಂದಿನಿಂದ ಬೇಸಿಗೆ ಕಾಲಿಟ್ಟರೆ ಸಾಕು, ಅವಳ ಜೀವ ಅಂಗೈಯಲ್ಲಿ. ಕಿಟಕಿಗಳಿಗೆಲ್ಲ ಒದ್ದೆ ಚಾದರ ಕಟ್ಟುವಳು. ದಿನಕ್ಕೆ ಮೂರು ಸಲ ನೆಲಕ್ಕೆ ನೀರು ಚಿಮುಕಿಸುವಳು. ಅಮ್ಮ ತರಕಾರಿಗೆಂದು ಹೊರಟರೂ ಬೆನ್ನಿಗೇ ಓಡಿ ಅವಳ ಹಣೆ ಮುಟ್ಟಿ ನೋಡುವಳು.

“ಬಿಸಿಲೇನು ನನ್ನನ್ನ ಎತ್ತಾಕ್ಕೊಂಡು ಹೋಗಲ್ಲ ಕಣೇ,” ಎಂದು ಅಮ್ಮ ಬೈಯುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಕಂಪನಿಯ ಬೆಟ್ಟದ ಶಾಖೆಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದಳು. ಅಲ್ಲಿ ವರ್ಷವಿಡೀ ಮಂಜಂತೆ. ಫ್ಯಾನೇ ಇಲ್ಲದ ಮನೆಗಳಂತೆ.

“ಅಯ್ಯೋ, ನಾನು ಹುಟ್ಟಿದ್ದೇ ಆ ಊರಲ್ಲಿ ಕಣ್ರೀ!” ವಿಷಯ ತಿಳಿದಾಗ ಮೆಕ್ಯಾನಿಕ್ ಜೋರಾಗಿ ನಕ್ಕಿದ್ದ. “ಎಂಟು ತಿಂಗಳು ಕಾಲುಚೀಲ ಒಣಗಲ್ಲ. ಬೆರಳೆಲ್ಲ ಬಾತ್ಕೊಳ್ಳುತ್ತೆ. ನಾನು ಅಲ್ಲಿಂದ ತಪ್ಪಿಸ್ಕೊಂಡು ಬಂದಿದ್ದೀನಿ, ನೀವು ಅಲ್ಲಿಗೇ ಓಡ್ತಿದ್ದೀರಾ?”

“ನಿಮಗೆ ಈ ಬಿಸಿಲು ಹೇಗೆ ಸೇರುತ್ತೆ?”

“ಮೈ ಬೆಚ್ಚಗಿದ್ರೆ ತಾನೇ ಮನಸ್ಸು ಬೆಚ್ಚಗಿರೋದು?”

ಮೂಟೆ ಬಿಚ್ಚಿ ಆಲೂಗಡ್ಡೆ ಆರಿಸುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು. “ಸರಿಹೋಯ್ತು! ಇದೊಂದು ಮಂಜುಗಡ್ಡೆ, ಅದೊಂದು ಒಲೆ. ಒಂದೇ ಮನೇಲಿಟ್ರೆ ನೆಲ ಒರೆಸೋಕೇ ಒಬ್ಬರು ಬೇಕು!”

ಅವಳು ನಾಚಿ, ನಗುತ್ತಾ ರಿಜಿಸ್ಟರಿನೊಳಗೆ ಮುಖ ಹುದುಗಿಸಿದಳು.

ಆದರೆ ಅವನ ಕೆಲಸ ನೆನೆದರೆ ಆ ನಗು ಆರಿಹೋಗುತ್ತಿತ್ತು.

ಒಳಗಿನ ಬಿಸಿಯನ್ನು ಹೊರಹಾಕುವ ಪೈಪುಗಳ ಸಾಲು ಇದ್ದದ್ದು ತಗಡಿನ ಛಾವಣಿಯ ಮೇಲೆ. ಅದರ ಮೇಲೆ ಸದಾ ನೀರು ಸುರಿಯುತ್ತಿರಬೇಕು. ಬೇಸಿಗೆಯಲ್ಲಿ ನೀರು ಸುರಿಸುವ ತೂತುಗಳು ಪದೇ ಪದೇ ಕಟ್ಟಿಕೊಳ್ಳುತ್ತಿದ್ದವು. ಸುಡು ಮಧ್ಯಾಹ್ನದಲ್ಲೇ ಅವನು ಮೇಲೆ ಹತ್ತಬೇಕು. ಯಂತ್ರದ ಅಬ್ಬರದಲ್ಲಿ ಫೋನ್ ಕೇಳಿಸುವುದಿಲ್ಲ. ಅದಕ್ಕೇ ಅಲ್ಲೊಂದು ಹಳೆಯ ರೂಢಿಯಿತ್ತು. ಮೇಲಿರುವವನು ಹತ್ತು ನಿಮಿಷಕ್ಕೊಮ್ಮೆ ಪೈಪಿಗೆ ಸ್ಪ್ಯಾನರಿನಿಂದ ಎರಡು ಸಲ ತಟ್ಟಬೇಕು. ಆ ಪೈಪು ಅವಳ ಮೇಜಿನ ಪಕ್ಕದಲ್ಲೇ ಇಳಿದು ಬರುತ್ತಿತ್ತು. ಅವಳು ತಿರುಗಿ ಎರಡು ಸಲ ತಟ್ಟಿ, ರಿಜಿಸ್ಟರಿನಲ್ಲಿ ಟಿಕ್ ಹಾಕಬೇಕು. ಮೇಲಿರುವ ಮನುಷ್ಯ ಕ್ಷೇಮ ಎಂದು ಅದರ ಅರ್ಥ.

ಟಕ್ ಟಕ್.

ಆ ಸದ್ದಿಗಾಗಿ ಅವಳು ಪೈಪಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಎಂಟನೇ ನಿಮಿಷಕ್ಕೇ ಗಡಿಯಾರದಿಂದ ಕಣ್ಣು ಕೀಳುತ್ತಿರಲಿಲ್ಲ. ಒಂಬತ್ತನೇ ನಿಮಿಷಕ್ಕೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ತಟ್ಟಿದೊಡನೆ ಹೋದ ಜೀವ ಬಂದಂತೆ!

‘ಇದಕ್ಕೆ ಏನಂತ ಹೆಸರಿಡಲಿ? ಬರೀ ಭಯಾನಾ... ಅಥವಾ...?’

ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವಷ್ಟರಲ್ಲಿ ವರ್ಗದ ಪತ್ರ ಬಂತು. ಬೆಟ್ಟದ ಶಾಖೆ. ಸೋಮವಾರವೇ ಹಾಜರಾಗಬೇಕು.

ಎಷ್ಟು ಹಂಬಲಿಸಿದ್ದ ಪತ್ರ ಅದು! ಈಗ ಯಾಕೆ ಎದೆ ಹಿಂಡಿದಂತಾಗುತ್ತಿದೆ?

“ನಿನ್ನ ಅದೃಷ್ಟ ಬಿಡು,” ಎಂದಳು ಅಕ್ಕ. “ಮೆಕ್ಯಾನಿಕ್ಕೇ ಹೋಗಿ ಮ್ಯಾನೇಜರ್ ಹತ್ರ ಮೂರು ಸಲ ಹೇಳಿದ್ನಂತೆ, ಅವರನ್ನ ಬೇಗ ಕಳಿಸಿಬಿಡಿ ಸರ್ ಅಂತ. ಇಲ್ದಿದ್ರೆ ಇಷ್ಟು ಬೇಗ ಆಗ್ತಿತ್ತಾ?”

ಅವಳು ಪತ್ರವನ್ನು ಮತ್ತೆ ಮಡಚಿದಳು.

‘ನನ್ನನ್ನ ಕಳಿಸೋಕೆ... ಅವನೇ?’

ಛಾವಣಿಗೆ ಹೊರಡುವ ಮುನ್ನ ಅವನು ಎಂದಿನಂತೆ ಅವಳ ಮೇಜಿನ ಬಳಿ ನಿಂತ.

“ಪತ್ರ ಬಂತಂತೆ?”

“ಬಂತು. ನೀವೇ ಕಷ್ಟಪಟ್ಟು ತರಿಸಿದ್ದಂತಲ್ಲ, ತುಂಬಾ ಉಪಕಾರ ಆಯ್ತು.”

“ರೀ, ಅದು ಹಾಗಲ್ಲ...”

“ಸಮಯ ಆಯ್ತು. ಮೇಲೆ ಹೋಗಿ.”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಲೆ ಎತ್ತಲಿಲ್ಲ. ಕಬ್ಬಿಣದ ಮೆಟ್ಟಿಲಿನ ಮೇಲೆ ಅವನ ಹೆಜ್ಜೆಯ ಸದ್ದು ದೂರವಾಗುತ್ತಾ ಹೋಯಿತು.

ಆ ಮಧ್ಯಾಹ್ನದ ಬಿಸಿಲು ಆ ವರ್ಷದಲ್ಲೇ ಕೆಟ್ಟದ್ದು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಟಕ್ ಟಕ್.

ಅವಳು ಮುಖ ತಿರುಗಿಸಿಕೊಂಡೇ ಎರಡು ಸಲ ತಟ್ಟಿದಳು. ಟಿಕ್ ಹಾಕಿದಳು. ಪೈಪಿನ ಮೇಲೆ ಕೈಯಿಡಲಿಲ್ಲ. ಯಾಕಿಡಬೇಕು? ಅವನಿಗೆ ತಾನು ತೊಲಗಿದರೆ ಸಾಕಾಗಿದೆಯಲ್ಲ!

ಟಕ್... ಟಕ್.

ತಟ್ಟಿದಳು. ಟಿಕ್ ಹಾಕಿದಳು. ಕಣ್ಣೀರು ಕಾಗದದ ಮೇಲೆ ಬಿದ್ದು ಶಾಯಿ ಹರಡಿತು.

ಟಕ್... ಟಕ್.

ಮತ್ತೆ ಟಿಕ್. ಮತ್ತೊಂದು ಸಲ, ಇನ್ನೊಂದು ಟಿಕ್.

ಟಕ್... ಟಕ್... ಟಕ್.

ಅವಳ ಪೆನ್ನು ನಿಂತಿತು.

ಮೂರು?

ಅವನು ಎಂದೂ ಮೂರು ಸಲ ತಟ್ಟಿದವನಲ್ಲ. ಗಡಿಯಾರ ನೋಡಿದಳು. ಹಿಂದಿನ ಸದ್ದಿಗೂ ಇದಕ್ಕೂ ನಾಲ್ಕೇ ನಿಮಿಷ! ಟಕ್... ಮತ್ತೊಂದು. ಅವಳು ಪೈಪಿನ ಮೇಲೆ ಕೈಯಿಟ್ಟಳು. “ಅಮ್ಮಾ!” ಎಂದು ಚೀರಿ ಕೈ ಹಿಂದೆಳೆದುಕೊಂಡಳು. ಪೈಪು ಕೆಂಡದಂತೆ ಸುಡುತ್ತಿತ್ತು.

ಮೇಲೆ ನೀರು ನಿಂತಿದೆ. ನೀರಿಲ್ಲದ ಪೈಪು ಕಾದು ಹಿಗ್ಗುತ್ತಿದೆ. ಹಿಗ್ಗುವಾಗ ಕಬ್ಬಿಣ ತಾನೇ ಟಕ್ ಎನ್ನುತ್ತದೆ...

ಹಾಗಾದರೆ ಇಷ್ಟು ಹೊತ್ತು ತಟ್ಟಿದ್ದು ಅವನಲ್ಲ!

ಮೊದಲನೆಯದು ಬಿಟ್ಟು ಒಂದು, ಎರಡು, ಮೂರು... ಮೂರು ಟಿಕ್ಕುಗಳು. ತಟ್ಟದೇ ಇದ್ದ ಮನುಷ್ಯನನ್ನು ಮೂರು ಸಲ ಕ್ಷೇಮ ಎಂದು ಬರೆದಿದ್ದಳು. ಅರ್ಧ ಗಂಟೆ!

“ಅಕ್ಕಾ! ಯಂತ್ರ ನಿಲ್ಲಿಸೋಕೆ ಹೇಳು! ಒದ್ದೆ ಗೋಣಿಚೀಲ ತಗೊಂಡು ಮೇಲೆ ಬಾ... ಹಮಾಲರನ್ನೂ ಕರ್ಕೊಂಡು ಬಾ!”

ಕೂಗಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಮೂರು ತಿಂಗಳಲ್ಲಿ ಆ ಕಟ್ಟಡದಲ್ಲಿ ಅವಳ ಏರುದನಿ ಯಾರೂ ಕೇಳಿರಲಿಲ್ಲ.

ಹೊರಬಾಗಿಲಲ್ಲಿ ಕಾಲುಗಳು ತಡೆದು ನಿಂತವು. ಎದುರಿಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಮುಖಕ್ಕೆ ರಾಚಿದ ಬಿಸಿಗಾಳಿಗೆ ಉಸಿರೇ ಕಟ್ಟಿತು. ಗೋಡೆಗೆ ಒರಗಿದ ಅಪ್ಪ ಕಣ್ಮುಂದೆ ಬಂದರು. ‘ಆಗಲ್ಲ... ನನ್ನ ಕೈಲಿ ಆಗಲ್ಲ...’

‘ಅಂದು ಆಡೋಕೆ ಹೋದೆ. ಇಂದೂ ಇಲ್ಲೇ ನಿಲ್ತೀಯಾ?’

ಅವಳು ಓಡಿದಳು.

ಮೆಟ್ಟಿಲಿನ ಕಂಬಿ ಹಿಡಿದರೆ ಅಂಗೈ ಬೊಬ್ಬೆ. ಹಿಡಿಯದಿದ್ದರೆ ತಲೆ ಗಿರ್ರೆನ್ನುತ್ತಿತ್ತು. ದುಪಟ್ಟಾವನ್ನು ಕೈಗೆ ಸುತ್ತಿಕೊಂಡು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಭಯ ಅವಳ ಹೆಗಲ ಮೇಲೆ ಕೂತೇ ಬಂತು, ಇಳಿಯಲೇ ಇಲ್ಲ.

ಅವನು ನೀರಿನ ತೊಟ್ಟಿಯ ಒಂದಡಿ ನೆರಳಿನಲ್ಲಿ, ಕಾಲು ಚಾಚಿ ಕೂತಿದ್ದ. ಸ್ಪ್ಯಾನರು ಬೆರಳಿನಿಂದ ಜಾರಿ ಬಿದ್ದಿತ್ತು. ಮುಖ ಕೆಂಪಗೆ ಕಾದಿತ್ತು.

“ರೀ...! ರೀ, ಇಲ್ಲಿ ನೋಡಿ!”

ಅವನು ಕಷ್ಟಪಟ್ಟು ಕಣ್ಣು ತೆರೆದ. ಅವಳನ್ನು ಎಲ್ಲೋ ದೂರದಲ್ಲಿ ಕಂಡವನಂತೆ ನಕ್ಕ.

“ಬೆವರು... ನಿಂತಿದೆ...” ಅವನ ನಾಲಿಗೆ ತೊದಲಿತು. “ಈಗ... ಹಾಯಾಗಿದೆ...”

ಅದೇ ಮಾತು! ಹಣೆ ಮುಟ್ಟಿದಳು. ಒಣಗಿ, ಕಾದ ಹೆಂಚಿನಂತಿತ್ತು.

“ಹಾಯಾಗಿಲ್ಲ! ಏನೂ ಹಾಯಾಗಿಲ್ಲ! ಮಲಗಬೇಡಿ... ಮಾತಾಡಿ ನನ್ನ ಜೊತೆ! ನಿಮ್ಮೂರಿನ ಬಗ್ಗೆ ಹೇಳಿ. ಚಳಿ ಬಗ್ಗೆ ಹೇಳಿ!”

“ಕಾಲುಚೀಲ...” ಎಂದ ಅವನು. ಕಣ್ಣುಗಳು ಮುಚ್ಚಿಕೊಂಡವು.

ಅವಳು ಕಿರುಚಿದ್ದು ಆ ಇಡೀ ಬೀದಿಗೆ ಕೇಳಿಸಿತಂತೆ. ಅಕ್ಕ, ಇಬ್ಬರು ಹಮಾಲರು ತಣ್ಣೀರು ತೊಟ್ಟಿಕ್ಕುವ ಗೋಣಿಚೀಲಗಳೊಡನೆ ಏದುಸಿರು ಬಿಡುತ್ತಾ ಬಂದರು. ಅವನ ಕತ್ತಿಗೆ, ಎದೆಗೆ, ಕಂಕುಳಿಗೆ ಅವುಗಳನ್ನು ಒತ್ತಿದರು. ಕೆಳಗಿಳಿಸಿ, ತಣ್ಣನೆಯ ಕೋಣೆಗಳ ಮುಂದಿನ ಹಜಾರದಲ್ಲಿ ಮಲಗಿಸಿ, ಆಂಬುಲೆನ್ಸ್ ಬರುವವರೆಗೂ ನೀರು ಚಿಮುಕಿಸಿ ಗಾಳಿ ಬೀಸಿದರು. ಅವಳು ಅವನ ಮಣಿಕಟ್ಟಿನ ನಾಡಿಯಿಂದ ಬೆರಳು ತೆಗೆಯಲೇ ಇಲ್ಲ.

“ಇನ್ನೊಂದು ಕಾಲು ಗಂಟೆ ತಡವಾಗಿದ್ರೆ...” ಎಂದರು ಡಾಕ್ಟರು.

ಎರಡು ದಿನ ಅವನು ಅರೆಬರೆ ಎಚ್ಚರದಲ್ಲಿದ್ದ. ಮೂರನೆಯ ಬೆಳಗ್ಗೆ ವಾರ್ಡಿನ ಕಿಟಕಿಯಿಂದ ಎಳೆಬಿಸಿಲು ಮಂಚಕ್ಕೆ ಬಿದ್ದಾಗ ಅವನು ತಾನಾಗಿ ನೀರು ಕೇಳಿದ. ಲೋಟ ಹಿಡಿದ ಅವಳ ಅಂಗೈಯ ಬೊಬ್ಬೆಗಳನ್ನು ಬಹಳ ಹೊತ್ತು ನೋಡಿದ.

“ನೀವು... ಮೇಲೆ ಬಂದ್ರಾ? ಆ ಬಿಸಿಲಲ್ಲಿ?”

ಅವಳು ತಲೆ ತಗ್ಗಿಸಿದಳು.

“ಮೊದಲು ನನ್ನ ತಪ್ಪು ಕೇಳಿ. ನೀವು ಬಿದ್ದಿದ್ರಿ. ನಾನು ಕೋಪದಲ್ಲಿ ಕೂತು ಕಾದ ಕಬ್ಬಿಣದ ಸದ್ದಿಗೆ ಟಿಕ್ ಹಾಕ್ತಿದ್ದೆ... ಮೂರು ಸಲ. ನಿಮಗೆ ಏನಾದ್ರೂ ಆಗಿದ್ರೆ ನನ್ನ ಕೈಯಾರೆ...” ಅವಳು ಲೋಟ ಕೆಳಗಿಟ್ಟಳು. “ನನ್ನನ್ನ ಬೈದುಬಿಡಿ.”

“ಬೈಯೋಕೆ ಶಕ್ತಿ ಬರ್ಲಿ ತಡೀರಿ,” ಎಂದು ಅವನು ಸಣ್ಣಗೆ ನಕ್ಕ. ಆಮೇಲೆ ನಗು ಮಾಸಿತು. “ತಪ್ಪು ನಂದೂ ಇದೆ. ಮಧ್ಯಾಹ್ನ ಆದ್ರೆ ನೀವು ಬಿಳಿಚಿಕೊಳ್ತಿದ್ರಿ. ನಾನು ಕೆಳಗಿಳಿದು ಬಂದಾಗ ನಿಮ್ಮ ಕೈ ನಡುಗ್ತಿರೋದು ಕಾಣ್ತಿತ್ತು. ನನ್ನಿಂದ ಈ ಹುಡುಗಿ ದಿನಾ ಸಾಯ್ತಿದ್ದಾಳೆ ಅನ್ನಿಸ್ತು. ತಂಪಾದ ಊರಲ್ಲಿ ನೆಮ್ಮದಿಯಾಗಿರ್ಲಿ ಅಂತ ಮ್ಯಾನೇಜರ್ ಹತ್ರ ಹೇಳಿದೆ. ನೀವಿಲ್ಲದೆ ನಾನು ಹೇಗಿರ್ತೀನಿ ಅಂತ ಆಮೇಲೆ ಯೋಚಿಸಿದ್ದು.”

ಹೊರಗೆ ಯಾರೋ ಚಕ್ರದ ಮಂಚ ತಳ್ಳಿಕೊಂಡು ಹೋದರು.

“ಸೋಮವಾರ ಯಾವ ಬಸ್ಸು?” ಎಂದು ಅವನೇ ಕೇಳಿದ, ಗೋಡೆಯ ಕಡೆ ನೋಡುತ್ತಾ.

“ಹೋಗ್ತಿಲ್ಲ.”

“ಅಂದ್ರೆ?”

“ನಿನ್ನೆ ಮ್ಯಾನೇಜರ್ ಮುಂದೆ ನಿಂತು ಹೇಳಿ ಬಂದೆ. ಹನ್ನೊಂದರಿಂದ ನಾಲ್ಕರವರೆಗೆ ಇನ್ನು ಯಾರೂ ಛಾವಣಿ ಹತ್ತೋ ಹಾಗಿಲ್ಲ. ತೂತು ಕ್ಲೀನ್ ಮಾಡೋದು ಬೆಳಗ್ಗೆ ಬೆಳಗ್ಗೆ, ಅದೂ ಇಬ್ಬರು ಜೊತೆಗೆ. ಒಪ್ಪದಿದ್ರೆ ರಿಜಿಸ್ಟರ್ ಮುಟ್ಟಲ್ಲ ಅಂದೆ. ಒಪ್ಪಿದ್ರು.”

“ನೀವಾ? ಮ್ಯಾನೇಜರ್ ಎದುರಿಗೆ ಮಾತಾಡಿದ್ರಾ?”

“ಕಾಲು ನಡುಗ್ತಾನೇ ಇತ್ತು.”

“ಮತ್ತೆ ಆ ತಂಪಾದ ಊರು? ಈ ಬಿಸಿಲು ನಿಮ್ಮ ಕೈಲಿ ತಡೆಯೋಕೆ ಆಗುತ್ತಾ?”

“ಆಗಲ್ಲ. ಆದ್ರೆ ಅಲ್ಲಿಗೆ ಹೋದ್ರೆ ಮೈ ಮಾತ್ರ ತಣ್ಣಗಿರುತ್ತೆ. ಇಲ್ಲಿ ನೀವು ಹೇಗಿದ್ದೀರೋ ಅಂತ ಅಲ್ಲಿ ಕೂತು ಹೆದರೋದಕ್ಕಿಂತ...” ಅವಳ ದನಿ ತೀರಾ ಇಳಿಯಿತು. “ಪಕ್ಕದಲ್ಲೇ ಕೂತು ಹೆದರ್ತೀನಿ. ನಿಮ್ಮನ್ನ ಬಿಟ್ಟು ಇರೋಕೆ ನನಗಾಗಲ್ಲ ರೀ. ಅಷ್ಟೇ.”

ಹೇಳಿಬಿಟ್ಟಳು! ಮುಖ ಮುಚ್ಚಿಕೊಳ್ಳಲು ಕೈ ಎತ್ತಿದಳು. ಅವನು ಬೊಬ್ಬೆಗಳಿಗೆ ತಾಗದ ಹಾಗೆ ಆ ಕೈಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡ.

“ಎಷ್ಟು ದಿನ ಹೀಗೆ ಹೆದರ್ತೀಯಾ?”

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ನೀವಿರೋತನಕ.”

“ಹಾಗಾದ್ರೆ ತುಂಬಾ ವರ್ಷ ಹೆದರಬೇಕಾಗುತ್ತೆ ಕಣೇ...”

“ಹೆದರ್ತೀನಿ,” ಎಂದಳು ಅವಳು.