ಕೆಂಪು ಟೇಪಿನ ಗುರುತು

"ಕೈ ತೆಗೀರಿ ಅಲ್ಲಿಂದ! ಯಾರ್ರೀ ನೀವು?"

ಲೋರೆಟ್ಟಾ ಸ್ಕೀಬಾ ಕುರ್ಚಿಯಿಂದ ಎದ್ದೇಬಿಟ್ಟಳು. ಎದೆಗೆ ಕಟ್ಟಿಕೊಂಡಿದ್ದ ಅಕಾರ್ಡಿಯನ್ ಅವಳ ಜೊತೆಗೇ ಒಂದು ದೊಡ್ಡ ಉಸಿರು ಬಿಟ್ಟು ನರಳಿತು.

ಅವಳದೇ ಮನೆ. ಅವಳದೇ ಸ್ಟೀರಿಯೊ. ಅದರ ಮುಂದೆ ಮಂಡಿಯೂರಿ ಕುಳಿತ ಅಪರಿಚಿತನೊಬ್ಬ ಆಂಪ್ಲಿಫೈಯರಿನ ಧ್ವನಿ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಿದ್ದ. ಅವನ ಬೂಟಿನ ಹಿಮ ಕರಗಿ ಅವಳ ನೆಲಹಾಸಿನ ಮೇಲೆ ಹರಿಯುತ್ತಿತ್ತು.

"ಆರು ಸಲ ಬಾಗಿಲು ಬಡಿದೆ, ಚಿಲಕ ಹಾಕಿರಲಿಲ್ಲ," ಗಟ್ಟಿಯಾಗಿ ಅಂದ ಅವನು, ಏಳುತ್ತ. "ಇನ್ನೆರಡು ನಿಮಿಷ ಬಿಟ್ಟಿದ್ರೆ ಸ್ಪೀಕರ್ ಸುಟ್ಟು ಹೋಗ್ತಿತ್ತು. ನಾನು ಎಮಿಲ್. ಕೆಳಗಿನ ಮನೆ ವಾಂಡಾ ಅವರ ತಂಗಿ ಮಗ. ನಿನ್ನೆ ಬಂದೆ."

"ಸುಟ್ಟು ಹೋಗ್ತಿತ್ತಾ? ಗುಂಡಿ ಐದಕ್ಕಿದೆ! ಹತ್ತರವರೆಗೆ ಅಂಕಿ ಇದೆ, ಕಾಣಲ್ವಾ? ಇನ್ನೂ ಅರ್ಧ ಬಾಕಿ ಇದೆ!"

"ಎಲ್ಲರೂ ಹಾಗೇ ಅಂದ್ಕೊಳ್ತಾರೆ." ಎಮಿಲ್ ನಿಟ್ಟುಸಿರು ಬಿಟ್ಟ. "ಅಂಕಿ ಹತ್ತಿದೆ ಅಂತ ಬಲವನ್ನ ಹತ್ತು ಸಮಪಾಲು ಮಾಡಿ ಇಟ್ಟಿರಲ್ಲ. ಐದಕ್ಕೆ ಬರೋಷ್ಟರಲ್ಲೇ ಇದು ಇರೋದನ್ನೆಲ್ಲ ಕೊಟ್ಟುಬಿಟ್ಟಿರುತ್ತೆ. ಆಮೇಲೆ ಬರೋದು ಸಂಗೀತ ಅಲ್ಲ, ಒಡಕು. ಆ ಒಡಕೇ ಸ್ಪೀಕರನ್ನ ಸುಡೋದು. ಕೆಳಗೆ ನಂಗೆ ಕೇಳಿಸ್ತು... ನಿಮಗೆ ಇಲ್ಲೇ ಕೂತು ಕೇಳಿಸ್ಲಿಲ್ವಾ?"

"ನಂಗೆ ಪಾಠ ಹೇಳೋಕೆ ಬಂದ್ರಾ? ನಾನು ಹನ್ನೊಂದು ವರ್ಷದಿಂದ ಅಕಾರ್ಡಿಯನ್ ಕಲಿಸ್ತಿದೀನಿ!"

ಅವಳು ಇಷ್ಟು ಕೂಗಾಡುತ್ತಿದ್ದರೆ ಆ ಮನುಷ್ಯ ಮುಖವನ್ನು ಓರೆಯಾಗಿಸಿ ಕಿಟಕಿಯ ಕಡೆ ನೋಡುತ್ತಿದ್ದ!

'ಎಷ್ಟು ಸೊಕ್ಕು! ಮಾತಾಡ್ತಿರೋ ಹೆಂಗಸಿನ ಮುಖ ನೋಡೋ ಸೌಜನ್ಯನೂ ಇಲ್ಲ...'

"ಬಾಗಿಲು ಅಲ್ಲಿದೆ," ಅಂದಳು ಲೋರೆಟ್ಟಾ.

ಅವನು ಹೋದ. ಅವನು ಹೋದ ಮೇಲೂ ಅವಳ ಎದೆ ಡವಗುಟ್ಟುತ್ತಲೇ ಇತ್ತು. ಕೋಪಕ್ಕೆ ಮಾತ್ರವೇ? ಆ ಮಂಕು ನೀಲಿ ಕಣ್ಣುಗಳು ನೆನಪಾದವು. ಛೀ ಎಂದು ತನ್ನನ್ನೇ ಬೈದುಕೊಂಡಳು.

* * *

ರೆಕಾರ್ಡ್ ಪ್ಲೇಯರಿನ ಮೇಲೆ ತಿರುಗುತ್ತಿದ್ದದ್ದು ಅಪ್ಪನ ರೆಕಾರ್ಡ್. ಮಿಲ್ವಾಕಿ ನಗರದ ದಕ್ಷಿಣ ಭಾಗದ ಪೋಲಿಷ್ ಚರ್ಚಿನ ಸಭಾಂಗಣದಲ್ಲಿ ಅಪ್ಪ ತನ್ನ ತಂಡದೊಂದಿಗೆ ನುಡಿಸಿದ ಪೋಲ್ಕಾ ಕುಣಿತದ ಹಾಡುಗಳು. ಅಚ್ಚಾದದ್ದು ನೂರೇ ಪ್ರತಿ, ಉಳಿದದ್ದು ಈ ಒಂದು. ಅಪ್ಪ ಹೋದದ್ದು ಕಳೆದ ಶರತ್ಕಾಲದಲ್ಲಿ.

ಸಂತ ಜೋಸೆಫರ ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನಗಳ ನಡುವೆ ಊರಿಗೆ ಊರೇ ಕುಣಿಯುವುದು ಆ ಒಂದು ಸಂಜೆ. ಇಪ್ಪತ್ತಾರು ವರ್ಷ ಅಪ್ಪ ನುಡಿಸಿದ್ದ. ಈ ವರ್ಷ ಅವನ ಜಾಗದಲ್ಲಿ ಅವಳು.

ಅಪ್ಪ ಒಂದು ಸ್ವರವನ್ನೂ ಬರೆದಿಟ್ಟವನಲ್ಲ. ಕೇಳಿ ಕೇಳಿಯೇ ಕಲಿಯಬೇಕು. ಆದರೆ ಕೆಟ್ಟ ನೆಗಡಿಯೊಂದು ಫೆಬ್ರವರಿಯಲ್ಲಿ ಬಂದು ಹೋದಾಗಿನಿಂದ ಅವಳಿಗೆ ಎಲ್ಲವೂ ಕೆಟ್ಟಂತೆ ಕಾಣುತ್ತಿತ್ತು. ಸ್ಟೀರಿಯೊದ ದನಿ ದಿನದಿನಕ್ಕೆ ಕುಗ್ಗುತ್ತಿತ್ತು. ಅಕಾರ್ಡಿಯನ್ ಚಳಿಗೆ ಮಂಕಾಗಿತ್ತು. ಅಂಗಡಿಯವರು, ಪಾಠಕ್ಕೆ ಬರುವ ಮಕ್ಕಳು, ಪಾದ್ರಿ, ಎಲ್ಲರೂ ಬಾಯೊಳಗೇ ಗೊಣಗುತ್ತಿದ್ದರು. ಮೊದಲು ಎರಡಕ್ಕಿದ್ದ ಗುಂಡಿ ಮೂರಾಯಿತು, ನಾಲ್ಕಾಯಿತು, ಐದಾಯಿತು.

ಮಾಂಸ ಬಿಟ್ಟ ಶುಕ್ರವಾರದ ಚರ್ಚಿನ ಮೀನೂಟದಲ್ಲಿ ನುಡಿಸುವಾಗ ಮುದುಕ ಸ್ಟಾಶ್ ಮೇಜಿನಿಂದಲೇ ಕೂಗಿದ್ದ: "ಲೋರೆಟ್ಟಾ, ಮೆಲ್ಲಗೆ ಕಣೇ! ತಟ್ಟೇಲಿರೋ ಮೀನಿಗೆ ಎಚ್ಚರ ಆಗ್ತಿದೆ!"

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

* * *

ಮರುದಿನ ಮಧ್ಯಾಹ್ನ ಎಮಿಲ್ ಮತ್ತೆ ಬಂದ. ಒಂದು ಕೈಯಲ್ಲಿ ಪಿಯರೋಗಿ ಕಡುಬು ತುಂಬಿದ ಪಾತ್ರೆ, ಇನ್ನೊಂದರಲ್ಲಿ ಸಣ್ಣ ಪೆಟ್ಟಿಗೆ.

"ಚೋಚಾ ಕಳಿಸಿದ್ರು. ಕ್ಷಮೆ ಕೇಳದೆ ಕೆಳಗಿಳಿದ್ರೆ ರಾತ್ರಿ ಊಟ ಇಲ್ಲ ಅಂದಿದ್ದಾರೆ."

ಬೀದಿಯವರಿಗೆಲ್ಲ ವಾಂಡಾ ದೊಡ್ಡಮ್ಮನೇ, ಪೋಲಿಷ್ ಮಾತಲ್ಲಿ ಚೋಚಾನೇ. ಲೋರೆಟ್ಟಾಗೆ ನಗು ಬಂತು. ತಡೆದುಕೊಂಡಳು.

"ಆ ಪೆಟ್ಟಿಗೇಲಿ ಏನು?"

"ಶಬ್ದ ಅಳೆಯೋ ಮೀಟರ್. ನಾನು ರೇಡಿಯೊ, ಸ್ಟೀರಿಯೊ ರಿಪೇರಿ ಮಾಡೋನು, ಮಿಸ್ ಸ್ಕೀಬಾ. ನಿಮ್ಮ ಯಂತ್ರಕ್ಕೆ ಏನಾಗಿದೆ ನೋಡ್ಲಾ? ಹೇಳಿದ್ರೆ ಮಾತ್ರ ಮುಟ್ತೀನಿ."

ಹೇಳಿದಳು.

ಅವನು ತಂತಿಗಳನ್ನು ನೋಡಿದ. ಸ್ಪೀಕರಿಗೆ ಕಿವಿಯಿಟ್ಟ. ಮುಳ್ಳನ್ನು ರೆಕಾರ್ಡಿನ ಮೇಲಿಟ್ಟು, ಅವಳು ಕೂರುವ ಕುರ್ಚಿಯ ಹತ್ತಿರ ಮೀಟರ್ ಹಿಡಿದು, ಗುಂಡಿಯನ್ನು ನಿಧಾನವಾಗಿ ಏರಿಸಿದ.

"ಮೂರು. ಎಪ್ಪತ್ತೆಂಟು ಡೆಸಿಬೆಲ್. ಮನೇಲಿ ಕೇಳೋಕೆ ಇದು ಸಾಕು ಸಾಕು. ಎಂಬತ್ತೈದು ದಾಟಿದ್ರೆ ಗಂಟೆಗಟ್ಲೆ ಕೂರಬಾರದು." ಇನ್ನೂ ತಿರುಗಿಸಿದ. "ಐದು... ತೊಂಬತ್ತಾರು. ಈಗ ಹೇಗೆ ಕೇಳಿಸ್ತಿದೆ?"

"ಪಕ್ಕದ ಬೀದೀಲಿ ಯಾರೋ ನುಡಿಸ್ತಿರೋ ಹಾಗಿದೆ. ನೋಡಿದ್ರಾ? ನಾನು ಹೇಳ್ಲಿಲ್ವಾ, ಹಾಳಾಗಿದೆ ಅಂತ!"

ಎಮಿಲ್‌ನ ಮುಖ ಬಿಳುಚಿತು. ಗುಂಡಿಯನ್ನು ಪೂರ್ತಿ ಇಳಿಸಿದ.

"ಮಿಸ್ ಸ್ಕೀಬಾ... ಯಂತ್ರ ಚೆನ್ನಾಗಿದೆ. ಸ್ಪೀಕರೂ ಚೆನ್ನಾಗಿದೆ." ಅವನು ಮತ್ತೆ ಮುಖವನ್ನು ಓರೆಯಾಗಿಸಿದ. "ನೀವು ಕಿವಿ ತೋರಿಸ್ಬೇಕು. ನಾಳೆನೇ."



ಕಿವಿ! ಅವಳ ಅನ್ನ ಅದು. ಅವಳ ಅಪ್ಪ ಅದು. ಇನ್ನೆಂಟು ದಿನಕ್ಕೆ ಊರೆಲ್ಲ ಅವಳ ಕಡೆ ನೋಡುತ್ತದೆ... ಒಳಗೆ ಭಯ. ಹೊರಬಿದ್ದದ್ದು ಮಾತ್ರ ಕೋಪ.

"ನಾನು ಕಿವುಡಿ ಅಂತೀರಾ? ರಿಪೇರಿ ಮಾಡೋಕೆ ಬರಲ್ಲ ಅಂದ್ರೆ ಬರಲ್ಲ ಅನ್ನಿ! ಮುಖ ಆ ಕಡೆ ತಿರುಗಿಸ್ಕೊಂಡು ಏನು ಗೋಡೆ ಹತ್ರ ಮಾತಾಡ್ತೀರಾ? ನನ್ನ ಮುಖ ನೋಡೋಕೆ ಅಷ್ಟು ಅಸಹ್ಯನಾ?"

ಎಮಿಲ್ ಜೇಬಿನಿಂದ ಕೆಂಪು ಟೇಪು ತೆಗೆದು, ಉಗುರಷ್ಟು ಹರಿದು, ಗುಂಡಿಯ ಪಕ್ಕ ಮೂರರ ಅಂಕಿಗೆ ಅಂಟಿಸಿದ.

"ಇದನ್ನ ದಾಟಬೇಡಿ. ಸರಿಯಾಗಿ ಕೇಳಿಸದಿದ್ರೆ ಧ್ವನಿ ಏರಿಸಬೇಡಿ, ಕುರ್ಚಿ ಹತ್ತಿರ ಎಳ್ಕೊಳ್ಳಿ. ದಯವಿಟ್ಟು..."

ಮೆಟ್ಟಿಲಿಳಿದು ಹೋದ.

* * *

ಶನಿವಾರ ಬೆಳಿಗ್ಗೆ ಲೋರೆಟ್ಟಾ ಖಾಲಿ ಪಾತ್ರೆ ಹಿಡಿದು ಕೆಳಗಿಳಿದಳು. ಪಾತ್ರೆಗಿಂತ ದೂರು ಭಾರವಾಗಿತ್ತು.

"ಚೋಚಾ, ನಿಮ್ಮ ಎಮಿಲ್‌ಗೆ ಸ್ವಲ್ಪ ಮರ್ಯಾದೆ ಕಲಿಸಿ. ನನ್ನ ಕಡೆ ತಿರುಗಿನೂ ನೋಡಲ್ಲ, ಕಿವಿ ಹೋಗಿದೆ ಅಂತ ಮಾತ್ರ—"

"ಗಂಟೆ ಹೊಡ್ಕೊಳ್ತಿದೆ ಕಣೇ, ಕೇಕ್ ತೆಗಿ!" ಕೂಗಿ ಹೇಳಿದಳು ವಾಂಡಾ. ಅವಳ ಕೈಯೆಲ್ಲ ಹಿಟ್ಟು.

"ಯಾವ ಗಂಟೆ?"

ವಾಂಡಾ ಬೆರಳು ಮಾಡಿದಳು. ಲೋರೆಟ್ಟಾ ತಿರುಗಿದಳು. ಅವಳ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಒಲೆಯ ಮೇಲಿನ ಅಡುಗೆ ಗಡಿಯಾರ ನಡುಗುತ್ತ ನಡುಗುತ್ತ ಬಡಿದುಕೊಳ್ಳುತ್ತಿತ್ತು. ಅದು ನಡುಗುವುದು ಅವಳಿಗೆ ಕಾಣುತ್ತಿತ್ತು.

ಅಷ್ಟೇ. ಕಾಣುತ್ತಿತ್ತು...

"ಅಯ್ಯೋ ದೇವರೇ," ಅಂದಳು ಲೋರೆಟ್ಟಾ. ಸ್ಟೂಲಿನ ಮೇಲೆ ಕುಸಿದಳು.

ವಾಂಡಾ ಹಿಟ್ಟಿನ ಕೈಯಲ್ಲೇ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಅತ್ತು ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಅವಳ ಮುಖವನ್ನು ಎತ್ತಿ, ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು.

"ಅವನು ಮುಖ ತಿರುಗಿಸೋದಲ್ಲ ಮಗಳೇ, ಬಲಗಿವಿ ಕೊಡೋದು. ಆರು ವರ್ಷ ಊರೂರು ಸುತ್ತಿ ಗಾನಮೇಳಗಳಿಗೆ ಸ್ಪೀಕರ್ ಕಟ್ಟಿದ. ಬೀರುವಿನಷ್ಟು ಎತ್ತರದ ಸ್ಪೀಕರಿನ ಪಕ್ಕದಲ್ಲೇ ನಿಲ್ತಿದ್ದ. ಎಡಗಿವಿ ಪೂರ್ತಿ ಹೋಯ್ತು. ಅದಕ್ಕೇ ಆ ಕೆಲಸ ಬಿಟ್ಟು ಬಂದಿದ್ದು. ನಿನ್ನೆ ಮೇಲಿಂದ ಬಂದವನು ಪಿಯರೋಗಿ ಮುಟ್ಟಲಿಲ್ಲ. 'ಅವಳಿಗೂ ನನ್ನ ಹಾಗೇ ಆಗಿಬಿಟ್ರೆ ಚೋಚಾ...' ಅಂತ ಒಂದೇ ಸಮ."

ಲೋರೆಟ್ಟಾ ಕಣ್ಣೊರೆಸಿಕೊಂಡಳು.

'ಕಿಟಕಿ ನೋಡ್ತಿರಲಿಲ್ಲ ಅವನು... ನನ್ನ ಬೈಗುಳವನ್ನೂ ಸರಿಯಾಗಿ ಕೇಳಿಸ್ಕೊಳ್ತಿದ್ದ!'

ಎಮಿಲ್ ಹಿಂದಿನ ಅಂಗಳದಲ್ಲಿ ಹಿಮ ಗೋರುತ್ತಿದ್ದ. ಅವಳು ಕೋಟೂ ಇಲ್ಲದೆ ಓಡಿದಳು. ಎಡಗಡೆ ನಿಂತವಳು ನೆನಪಾಗಿ ಸುತ್ತಿ ಬಲಗಡೆಗೆ ಬಂದಳು.

"ಒಬ್ಬಳೇ ಹೋಗೋಕೆ ಭಯ ಆಗ್ತಿದೆ," ಅಂದಳು. "ಡಾಕ್ಟರ್ ಹತ್ರ... ಬರ್ತೀರಾ?"

ಎಮಿಲ್ ಸಲಿಕೆಯನ್ನು ಅಲ್ಲೇ ಬಿಟ್ಟು, ತನ್ನ ಕೋಟನ್ನು ಅವಳಿಗೆ ಹೊದಿಸಿದ.

* * *

ಡಾಕ್ಟರ್ ಕುಬಿಯಾಕ್ ಅವಳ ಬಲಗಿವಿಗೆ ದೀಪ ಹಿಡಿದು ಹುಬ್ಬೇರಿಸಿದರು. ಎಡಗಿವಿಗೆ ಹಿಡಿದರು. ಮತ್ತೆ ಬಲಗಿವಿಗೆ ಬಂದರು.

ಲೋರೆಟ್ಟಾ ಎಮಿಲ್‌ನ ಕೈಯನ್ನು ಯಾವಾಗ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ.

"ನೆಗಡಿ ಆದಾಗ ವಾಂಡಾ ಕರ್ಪೂರದೆಣ್ಣೆ ಬಿಟ್ಟಳಾ?" ಡಾಕ್ಟರ್ ಕಿವಿಯ ಹತ್ತಿರ ಬಗ್ಗಿ ಕೂಗಿದರು.

"ಹೂಂ... ಹತ್ತಿನೂ ಇಟ್ರು. ಎರಡೂ ಕಿವಿಗೆ. ಬೆಚ್ಚಗಿರ್ಲಿ ಅಂತ."

"ಇಟ್ಟಳು. ತೆಗೆದಳಾ?"

ಲೋರೆಟ್ಟಾಳ ಬೆರಳು ತಾನಾಗಿ ಕಿವಿಗೆ ಹೋಯಿತು.

ಬಿಸಿನೀರಿನ ಪಿಚಕಾರಿ ಬಂತು, ಚಿಮುಟ ಬಂತು. ಒಂದು ಕಿವಿಯಿಂದ, ಆಮೇಲೆ ಇನ್ನೊಂದರಿಂದ, ಎಣ್ಣೆ ಕುಡಿದು ಕಂದುಗಟ್ಟಿದ ಹತ್ತಿಯ ತುಣುಕು, ಅದಕ್ಕಂಟಿದ ಗಟ್ಟಿ ಗುಗ್ಗೆ ಹೊರಬಂದವು. ಡಾಕ್ಟರ್ ಅವನ್ನು ತಟ್ಟೆಗೆ ಹಾಕಿದರು.

ಟಕ್.

ತಟ್ಟೆಯ ಸದ್ದು! ಲೋರೆಟ್ಟಾ ಬೆಚ್ಚಿಬಿದ್ದಳು.

"ಕೂಗಬೇಡಿ ಡಾಕ್ಟರ್!"

"ನಾನು ಪಿಸುಗುಡ್ತಿದೀನಿ ಕಣಮ್ಮ," ಅಂದರು ಅವರು ನಗುತ್ತ. "ಈ ಚಳಿಗಾಲದಲ್ಲಿ ವಾಂಡಾ ಕೈಗೆ ಸಿಕ್ಕವರಲ್ಲಿ ನೀನು ಮೂರನೆಯವಳು. ಪರೀಕ್ಷೆ ಮಾಡ್ತೀನಿ, ಆದ್ರೆ ಕಿವಿ ತಮಟೆ ಗಟ್ಟಿಯಾಗಿದೆ. ಹತ್ತಿ ನಿನ್ನನ್ನ ಕಾಪಾಡಿದೆ ಅಂತಲೇ ಅಂದ್ಕೋ. ಆದ್ರೆ ಇನ್ನು ಹತ್ತಿ ಇಲ್ಲ. ಅಷ್ಟು ಜೋರಾಗಿ ಸ್ಟೀರಿಯೊ ಹಾಕಿದ್ಯೋ, ಈ ಸಲ ನಿಜವಾಗಿ ಹೋಗುತ್ತೆ."

ಪರೀಕ್ಷೆಯಲ್ಲಿ ಅತಿ ಸಣ್ಣ ಸದ್ದಿಗೂ ಅವಳ ಕೈ ಮೇಲೆದ್ದಿತು. ಎಲ್ಲ ಸರಿ. ಎಲ್ಲವೂ ಸರಿ!

ಹೊರಗೆ ಬಂದಾಗ ಬೂಟಿನಡಿ ಹಿಮ ಕರಕರ ಎಂದಿತು. ಲೋರೆಟ್ಟಾ ನಿಂತಳು. ಮತ್ತೊಂದು ಹೆಜ್ಜೆ ಇಟ್ಟಳು. ಕರಕರ. ಇನ್ನೊಂದು. ಚಿಕ್ಕ ಹುಡುಗಿಯಂತೆ ಪಾದಚಾರಿ ದಾರಿಯಲ್ಲಿ ನಾಲ್ಕು ಸುತ್ತು ಸುತ್ತಿದಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು.

ತಿರುಗಿ ನೋಡಿದರೆ ಎಮಿಲ್ ದೀಪದ ಕಂಬಕ್ಕೆ ಒರಗಿ ನಿಂತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

* * *

ಸಂಜೆಯ ಬೆಳಕು ಕಿಟಕಿಯಲ್ಲಿತ್ತು. ಲೋರೆಟ್ಟಾ ತಾನೇ ಗುಂಡಿ ಹಿಡಿದು, ಕೆಂಪು ಟೇಪಿನವರೆಗೆ ತಿರುಗಿಸಿ, ಕೈ ತೆಗೆದಳು.

ಮುಳ್ಳು ಇಳಿಯಿತು. ಮೊದಲು ಕ್ಲಾರಿನೆಟ್, ಕೂದಲೆಳೆಯಷ್ಟು ಸಣ್ಣಗೆ, ಸ್ಪಷ್ಟವಾಗಿ. ಅದರ ಕೆಳಗೆ ಅಪ್ಪನ ಅಕಾರ್ಡಿಯನ್. ಅದರ ಕೆಳಗೆ... ಹಲಗೆಯ ನೆಲದ ಮೇಲೆ ತಾಳ ಹಾಕುತ್ತಿರುವ ಒಂದು ಬೂಟು.

"ಅಪ್ಪನ ಕಾಲು," ಅಂದಳು. "ಎಮಿಲ್, ಅದು ಅಪ್ಪನ ಕಾಲು! ಐದಕ್ಕಿಟ್ಟಾಗ ಒಂದು ಸಲವೂ ಕೇಳಿಸಿರಲಿಲ್ಲ..."

"ಒಡಕಿನಲ್ಲಿ ಮುಚ್ಚಿಹೋಗಿತ್ತು," ಅಂದ ಅವನು ಮೆಲ್ಲಗೆ. "ಅಲ್ಲೇ ಇದ್ರು ಅವರು."

ಹಾಡು ಮುಗಿದಾಗ ಅವಳು ಮುಳ್ಳನ್ನು ಎತ್ತಿದಳು.

"ಕ್ಷಮಿಸಿ," ಅಂದಳು ಲೋರೆಟ್ಟಾ. "ನನ್ನ ಮುಖ ನೋಡೋಕೆ ಅಸಹ್ಯನಾ ಅಂತ ಕೇಳಿದ್ನಲ್ಲ."

ಎಮಿಲ್ ಈ ಸಲ ಮುಖ ತಿರುಗಿಸಲಿಲ್ಲ. ನೇರವಾಗಿ ಅವಳನ್ನೇ ನೋಡಿದ.

"ಬಾಗಿಲು ತೆರೆದ ಮೊದಲ ದಿನ ನಾನು ಸ್ಪೀಕರ್ ನೋಡೋಕೂ ಮುಂಚೆ ನೋಡಿದ್ದು ನಿನ್ನ ಮುಖನೇ, ಲೋರೆಟ್ಟಾ. ನೀನು ಕಣ್ಣು ಮುಚ್ಕೊಂಡು ಕೇಳ್ತಿದ್ದೆ. ಇವಳಿಗೆ ಯಾವತ್ತೂ ನನ್ನ ಹಾಗೆ ಆಗಬಾರದು ಅನ್ನಿಸ್ತು. ಅಷ್ಟೇ ಅನ್ನಿಸಿದ್ದಾ ಅಂತ ಕೇಳಿದ್ರೆ... ಅಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಒಂದೇ ಕಿವಿಯವನು ನಾನು. ಅದು ನಿನ್ನ ಕಡೆನೇ ಇರುತ್ತೆ, ನೀನು ಬೇಡ ಅನ್ನದಿದ್ರೆ."

ಲೋರೆಟ್ಟಾ ಉತ್ತರ ಕೊಟ್ಟಳು. ಆದರೆ ಅಷ್ಟು ಮೆಲ್ಲಗೆ, ನಾಚಿಕೆಯಲ್ಲಿ, ಅದು ಅವನನ್ನು ಮುಟ್ಟಲೇ ಇಲ್ಲ.

"ಏನಂದೆ? ಸ್ವಲ್ಪ ಜೋರಾಗಿ ಹೇಳ್ತೀಯಾ?"

"ಇಲ್ಲ," ಅಂದಳು ಲೋರೆಟ್ಟಾ. "ನೀನೇ ತಾನೇ ಹೇಳಿಕೊಟ್ಟಿದ್ದು... ಕೇಳಿಸದಿದ್ರೆ ಧ್ವನಿ ಏರಿಸಬಾರದು ಅಂತ."

ಅವಳು ತನ್ನ ಕುರ್ಚಿಯನ್ನು ಎಳೆದು ತಂದು, ಅವನ ಬಲಗಡೆಗೆ, ಮೊಣಕಾಲಿಗೆ ಮೊಣಕಾಲು ತಾಕುವಂತೆ ಹಾಕಿಕೊಂಡಳು. ಬಗ್ಗಿ, ಅದೇ ಮಾತನ್ನು ಅಷ್ಟೇ ಮೆಲ್ಲಗೆ ಮತ್ತೊಮ್ಮೆ ಹೇಳಿದಳು.

"ಈಗ ಕೇಳಿಸ್ತಾ?"

"ಕೇಳಿಸ್ತು," ಅಂದ ಎಮಿಲ್. "ಆದ್ರೂ ಇನ್ನೊಂದು ಸಲ ಹೇಳು."